ಬೂಟಿನ ಅಳತೆಯಿಂದ ಸ್ಟಾಲಿನ್‌ಗ್ರಾಡ್‌ವರೆಗೆ: ಜರ್ಮನ್ ಸೈನಿಕನ ಕಾಗದಗಳನ್ನು ಓದುವುದು ಹೇಗೆ?

ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನ ಎದೆ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಭೂಸೇನೆಯವನಾದರೆ ಅದರ ರಟ್ಟು ಕಂದು. ಹೆಸರು ಸೋಲ್ಡ್‌ಬುಖ್, ಅಂದರೆ ಸಂಬಳದ ಪುಸ್ತಕ. ಅವನ ಗುರುತಿನ ಚೀಟಿಯೂ ಅದೇ. ಅಜ್ಜ ಯುದ್ಧದಲ್ಲಿ ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಹುಡುಕಲು ಹೊರಟ ಜರ್ಮನ್, ಆಸ್ಟ್ರಿಯನ್ ಮೊಮ್ಮಕ್ಕಳಿಗೆ ಹಳೇ ಪೆಟ್ಟಿಗೆಯಲ್ಲಿ ಇವತ್ತಿಗೂ ಇಂಥ ಪುಸ್ತಕ ಸಿಗುವುದುಂಟು. ತೆರೆದು ನೋಡಿದರೆ ಮೊದಲು ಆಗುವುದು ನಿರಾಸೆ. ಕದನಗಳ ಹೆಸರಿಲ್ಲ. ಬೂಟಿನ ಅಳತೆ ಇದೆ. ಸಿಡುಬಿನ ಲಸಿಕೆ ಹಾಕಿದ ತಾರೀಖು ಇದೆ. ಎಷ್ಟು ಅಂಗಿ, ಎಷ್ಟು ಚಡ್ಡಿ ಕೊಟ್ಟರು ಎಂಬ ಲೆಕ್ಕ ಇದೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಅದನ್ನು ಯಾರೂ ಇತಿಹಾಸಕ್ಕಾಗಿ ಬರೆದದ್ದಲ್ಲ. ಒಬ್ಬನಿಗೆ ಎರಡು ಸಲ ಸಂಬಳ ಹೋಗಬಾರದು, ಒಂದೇ ಜೊತೆ ಬೂಟಿಗೆ ಎರಡು ಸಲ ಸಹಿ ಬೀಳಬಾರದು ಎಂಬ ಗುಮಾಸ್ತರ ಚಿಂತೆಯಿಂದ ಹುಟ್ಟಿದ ಪುಸ್ತಕ ಅದು. ಹಾಗಾಗಿ ಅದರ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಬೇಕು. ಇದನ್ನು ಯಾರು, ಯಾವ ಕಾರಣಕ್ಕೆ ಬರೆದರು? ಇದೇ ವಿಷಯದ ಇನ್ನೊಂದು ಪ್ರತಿ ಯಾವ ಕಚೇರಿಗೆ ಹೋಯಿತು? ಈ ಎರಡನೇ ಪ್ರಶ್ನೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸೈನಿಕನಿಗೆ ಇದ್ದದ್ದು ಒಂದೇ ಪುಸ್ತಕವಲ್ಲ, ಎರಡು.

ಜರ್ಮನಿಯಲ್ಲಿ ಕಡ್ಡಾಯ ಸೇನಾ ಸೇವೆ ಮತ್ತೆ ಜಾರಿಗೆ ಬಂದದ್ದು 1935ರ ಮಾರ್ಚ್‌ನಲ್ಲಿ. ಹುಡುಗನೊಬ್ಬ ಸೇನೆಗೆ ಯೋಗ್ಯ ಎಂದು ತಪಾಸಣೆಯಲ್ಲಿ ತೇರ್ಗಡೆಯಾದಾಗ ಅವನಿಗೆ ವೇರ್‌ಪಾಸ್ ಎಂಬ ಪುಸ್ತಕ ಕೊಡುತ್ತಿದ್ದರು. ಅದರಲ್ಲಿ ಅವನ ಫೋಟೊ, ಓದು, ಕಸುಬು, ಸೇನೆಗೆ ಮುಂಚೆ ಮಾಡಿದ ಕಡ್ಡಾಯ ಶ್ರಮಸೇವೆ, ಎಲ್ಲ ಇರುತ್ತಿತ್ತು. ಸೇನೆಗೆ ಸೇರುವ ದಿನ ಅವನು ವೇರ್‌ಪಾಸನ್ನು ಕಚೇರಿಗೆ ಒಪ್ಪಿಸಬೇಕು. ಬದಲಿಗೆ ಸೋಲ್ಡ್‌ಬುಖ್ ಪಡೆಯಬೇಕು. ಅಲ್ಲಿಂದ ಮುಂದೆ ಸೋಲ್ಡ್‌ಬುಖ್ ಅವನ ಜೇಬಿನಲ್ಲಿ, ವೇರ್‌ಪಾಸ್ ಅವನ ಘಟಕದ ಕಡತದಲ್ಲಿ. ಬಿಡುಗಡೆಯಾದಾಗ ಮತ್ತೆ ಅದಲು ಬದಲು. ಸತ್ತರೆ ವೇರ್‌ಪಾಸ್ ಮನೆಯವರಿಗೆ ಹೋಗುತ್ತಿತ್ತು.

ಮನೆಯಲ್ಲಿ ಯಾವ ಪುಸ್ತಕ ಉಳಿದಿದೆ ಎಂಬುದೇ ಹಾಗಾಗಿ ಒಂದು ಸುಳಿವು. ವೇರ್‌ಪಾಸ್ ಮಾತ್ರ ಇದ್ದರೆ ಅವನು ಸತ್ತಿರಬಹುದು, ಅಥವಾ ಯುದ್ಧ ಮುಗಿಯುವ ಮುಂಚೆಯೇ ಕ್ರಮಬದ್ಧವಾಗಿ ಬಿಡುಗಡೆಯಾಗಿರಬಹುದು. ಸೋಲ್ಡ್‌ಬುಖ್ ಇದ್ದರೆ ಅವನು 1945ರ ಗಲಿಬಿಲಿಯಲ್ಲಿ ಅದನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬಂದಿರುವ ಸಾಧ್ಯತೆ ಜಾಸ್ತಿ. ಎಷ್ಟೋ ಪುಸ್ತಕಗಳ ಮುಖಪುಟದ ಸ್ವಸ್ತಿಕವನ್ನು ಯಾರೋ ಚಾಕುವಿನಿಂದ ಕೆರೆದಿರುತ್ತಾರೆ. ಅದು ಯುದ್ಧ ಸೋತ ಮೇಲಿನ ಕೆಲಸ.

ವೇರ್‌ಪಾಸ್ ಸಿಕ್ಕವರು ಅದೃಷ್ಟವಂತರು. ಯಾಕೆಂದರೆ ಅವನು ಭಾಗವಹಿಸಿದ ಕದನಗಳನ್ನು ತಾರೀಖಿನ ಸಮೇತ ಬರೆಯುವ ಪುಟಗಳು ಇರುವುದು ಅದರಲ್ಲೇ. ಜೇಬಿನಲ್ಲಿ ತಿರುಗುವ ಪುಸ್ತಕದಲ್ಲಿ ಅದನ್ನೆಲ್ಲ ಬರೆದರೆ ಶತ್ರುವಿನ ಕೈಗೆ ಸಿಗುತ್ತದೆ ಅಲ್ವಾ? ಹಾಗೆ ನೋಡಿದರೆ ಸೋಲ್ಡ್‌ಬುಖ್‌ನಲ್ಲಿ ಘಟಕದ ಹೆಸರು ಬರೆದದ್ದೂ ಶತ್ರುವಿಗೆ ಲಾಭವೇ ಆಯಿತು. ಸೆರೆಸಿಕ್ಕವರ ಜೇಬಿನಿಂದ ಮಿತ್ರಪಕ್ಷದ ಗುಪ್ತಚರ ಅಧಿಕಾರಿಗಳು ಮೊದಲು ತೆಗೆಯುತ್ತಿದ್ದುದು ಅದನ್ನೇ. ಎದುರಿಗೆ ಯಾವ ದಳ ನಿಂತಿದೆ ಎಂದು ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು.

ಈಗ ಸೋಲ್ಡ್‌ಬುಖ್‌ನ ಮೊದಲ ಪುಟಕ್ಕೆ ಬರೋಣ. ಹೆಸರು, ದರ್ಜೆ, ಬಡ್ತಿಯ ತಾರೀಖುಗಳು, ರಕ್ತದ ಗುಂಪು, ಗ್ಯಾಸ್ ಮುಖವಾಡದ ಅಳತೆ, ಎರಡು ಸಂಖ್ಯೆಗಳು. ದರ್ಜೆಯನ್ನು ಸುಮ್ನೆ ದಾಟಿ ಹೋಗಬೇಡಿ. ಸಾಮಾನ್ಯ ಸೈನಿಕನ ದರ್ಜೆಗೆ ಪ್ರತಿ ವಿಭಾಗದಲ್ಲೂ ಬೇರೆ ಹೆಸರು. ಕಾಲಾಳು ಪಡೆಯಲ್ಲಿ ಶ್ಯುಟ್ಸೆ, ಫಿರಂಗಿಯಲ್ಲಿ ಕನೋನಿಯರ್, ಸೇತುವೆ ಕಟ್ಟಿ ಮೈನು ತೆಗೆಯುವವರಲ್ಲಿ ಪಿಯೋನಿಯರ್, ಸಂಪರ್ಕ ದಳದಲ್ಲಿ ಫುಂಕರ್. ಘಟಕದ ಹೆಸರು ಅಳಿಸಿಹೋಗಿದ್ದರೂ ಅವನ ಕೆಲಸ ಯಾವುದೆಂದು ಇದು ಹೇಳುತ್ತದೆ.

ಎರಡು ಸಂಖ್ಯೆಗಳಲ್ಲಿ ಒಂದು ವೇರ್‌ನಂಬರ್. ಅದು ಅವನ ಹೆಸರನ್ನು ಪಟ್ಟಿಗೆ ಸೇರಿಸಿದ ಊರಿನ ಸೇನಾ ಕಚೇರಿಯ ಸಂಖ್ಯೆ. ಅದರಲ್ಲಿ ಆ ಕಚೇರಿಯ ಹೆಸರೂ ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿಗಳೂ ಇರುತ್ತವೆ. ಯುದ್ಧಕ್ಕೆ ಮುಂಚೆ ಅವನು ವಾಸವಿದ್ದ ಪ್ರದೇಶ ತಿಳಿಯಲು ಇಷ್ಟು ಸಾಕು.

ಇನ್ನೊಂದು, ಕೊರಳಿನ ಗುರುತಿನ ಬಿಲ್ಲೆಯ ಸಂಖ್ಯೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಜರ್ಮನ್ ಬಿಲ್ಲೆ ಮೊಟ್ಟೆಯಾಕಾರದ್ದು, ಸತು ಅಥವಾ ಅಲ್ಯೂಮಿನಿಯಂನದ್ದು. ನಡುವೆ ಅಡ್ಡಲಾಗಿ ಸೀಳು ಗೆರೆ. ಮೇಲೂ ಕೆಳಗೂ ಒಂದೇ ಬರಹ. ಸೈನಿಕ ಸತ್ತರೆ ಕೆಳಗಿನ ಅರ್ಧ ಮುರಿದುಕೊಳ್ಳುತ್ತಾರೆ, ಮೇಲಿನ ಅರ್ಧ ಹೆಣದ ಜೊತೆ ಮಣ್ಣಿಗೆ ಹೋಗುತ್ತದೆ. ಆದರೆ ಬಿಲ್ಲೆಯ ಮೇಲೆ ಹೆಸರಿರುವುದಿಲ್ಲ! ಘಟಕದ ಹೆಸರು, ಒಂದು ಕ್ರಮಸಂಖ್ಯೆ, ಸಾಮಾನ್ಯವಾಗಿ ರಕ್ತದ ಗುಂಪು, ಅಷ್ಟೇ. ಸಂಖ್ಯೆಯಿಂದ ಹೆಸರು ತಿಳಿಯಬೇಕಾದರೆ ಪಟ್ಟಿ ಬೇಕು. ಆ ಪಟ್ಟಿಯನ್ನು ಪ್ರತಿ ಘಟಕವೂ ಬರ್ಲಿನ್‌ನ ಒಂದು ಕಚೇರಿಗೆ ಕಳಿಸುತ್ತಿತ್ತು. ಯಾರು ಹೊಸದಾಗಿ ಬಂದರು, ಯಾರು ಬೇರೆ ಕಡೆ ಹೋದರು ಎಂಬ ಬದಲಾವಣೆಗಳೂ ಅಲ್ಲಿಗೇ ಹೋಗುತ್ತಿದ್ದವು.

ಆ ಕಚೇರಿಯ ಗಿಡ್ಡ ಹೆಸರು ವಾಸ್ಟ್. ಯುದ್ಧಕ್ಕೆ ಕೆಲವೇ ದಿನ ಮುಂಚೆ, 1939ರ ಆಗಸ್ಟ್ 26ರಂದು, ಅದು ಶುರುವಾಯಿತು. ಸತ್ತವರ, ಗಾಯಗೊಂಡವರ, ಯುದ್ಧಕೈದಿಗಳ ಮಾಹಿತಿ ಇಡುವ ಒಂದು ಕಚೇರಿ ಪ್ರತಿ ದೇಶಕ್ಕೂ ಇರಬೇಕು ಎಂದು 1929ರ ಜಿನೀವಾ ಒಪ್ಪಂದ ಹೇಳಿತ್ತು. ಬರ್ಲಿನ್ ಮೇಲೆ ಬಾಂಬು ಬೀಳುವುದು ಜಾಸ್ತಿಯಾದಾಗ, 1943ರಲ್ಲಿ, ಕಚೇರಿಯನ್ನು ಜರ್ಮನಿಯ ನಡುಭಾಗದ ತುರಿಂಗಿಯಾಕ್ಕೆ ಸಾಗಿಸಿದರು. ಹಾಗೆ ಸಾಗಿಸಿದ್ದರಿಂದಲೇ ಅದು ಉಳಿಯಿತು. 1945ರ ಏಪ್ರಿಲ್‌ನಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ, ಮತ್ತೆ ಬರ್ಲಿನ್‌ಗೆ ಬಂದು, ದಶಕಗಳ ಕಾಲ ಬೇರೆ ಹೆಸರಿನಲ್ಲಿ ಕೆಲಸ ಮಾಡಿ, 2019ರ ಜನವರಿ 1ರಂದು ಜರ್ಮನಿಯ ಬುಂಡೆಸ್‌ಆರ್ಖೀವ್, ಅಂದರೆ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ಭಾಗವಾಯಿತು. ಅಲ್ಲಿನ ಮುಖ್ಯ ಕಾರ್ಡು ಸಂಗ್ರಹದಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನರ ಕಾರ್ಡುಗಳಿವೆ.

ಬಿಲ್ಲೆಯ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಬಿಲ್ಲೆಯಲ್ಲಿರುವುದು ಅವನು ಕಾದಾಡಿದ ಘಟಕದ ಹೆಸರಲ್ಲ, ಬಿಲ್ಲೆ ಕೊಟ್ಟ ಘಟಕದ ಹೆಸರು. ಹೆಚ್ಚಿನವರಿಗೆ ಅದು ಸಿಕ್ಕಿದ್ದು ತರಬೇತಿಯ ದಿನಗಳಲ್ಲೇ. ಆಮೇಲೆ ನಾಲ್ಕು ಕಡೆ ವರ್ಗವಾದರೂ ಬಿಲ್ಲೆ ಬದಲಾಗುವುದಿಲ್ಲ.

ಅವನು ನಿಜವಾಗಿ ಎಲ್ಲಿದ್ದ ಎನ್ನುವುದಕ್ಕೆ ಸೋಲ್ಡ್‌ಬುಖ್‌ನ ನಾಲ್ಕನೇ ಪುಟ ತೆಗೆಯಬೇಕು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅತಿ ಮುಖ್ಯ ಪುಟ ಅದು. ಅದರಲ್ಲಿ ಮೂರು ಭಾಗ. ಮೇಲೆ, ಅವನನ್ನು ರಣರಂಗಕ್ಕೆ ಕಳಿಸಿದ ತರಬೇತಿ ಘಟಕ. ನಡುವೆ, ರಣರಂಗದ ಘಟಕಗಳು. ಕೆಳಗೆ, ಅವನ ಹೊಣೆ ಹೊತ್ತ ಊರಿನ ಮೀಸಲು ಘಟಕ. ವರ್ಗವಾದಾಗ ಹಳೆಯ ಘಟಕದ ಮೇಲೆ ಒಂದು ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯುತ್ತಿದ್ದರು. ಗೆರೆಯ ಅಡಿಯಲ್ಲಿ ಹಳೆಯದು ಓದಲು ಬರುತ್ತದೆ. ಹಳೇ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೈಬರಹದ ನಮೂದುಗಳನ್ನು ಓದಿದವರಿಗೆ ಈ ಪುಟ ಹೊಸದೆನಿಸದು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸೈನಿಕ ನಾನು ಕಟ್ಟಿದವನು, ಆದರೆ ಅವನ ದಳ ನಿಜವಾದದ್ದು. ನಾಲ್ಕನೇ ಪುಟದ ನಡುವೆ ಹೀಗೆ ಬರೆದಿದೆ ಎಂದುಕೊಳ್ಳಿ: 6./ಐ.ಆರ್. 134.

ಮೊದಲಿಗೆ 6, ಚುಕ್ಕೆ, ಓರೆಗೆರೆ: ಇದು ಆರನೇ ಕಂಪನಿ. ಸೇನೆಯಲ್ಲಿ ಕಂಪನಿ ಅಂದರೆ ಒಂದು ಸಣ್ಣ ತುಕಡಿ. ಕಂಪನಿಗಳು ಸೇರಿ ಬೆಟಾಲಿಯನ್, ಬೆಟಾಲಿಯನ್ನುಗಳು ಸೇರಿ ರೆಜಿಮೆಂಟು, ರೆಜಿಮೆಂಟುಗಳು ಸೇರಿ ಡಿವಿಷನ್. ಐ.ಆರ್. ಅಂದರೆ ಕಾಲಾಳು ರೆಜಿಮೆಂಟು. 134 ಅದರ ಸಂಖ್ಯೆ. ಕಂಪನಿಯ ಸಂಖ್ಯೆ ಗೊತ್ತಾದರೆ ಬೆಟಾಲಿಯನ್ ತಾನಾಗಿ ಗೊತ್ತಾಗುತ್ತದೆ. ಕಾಲಾಳು ರೆಜಿಮೆಂಟಿನಲ್ಲಿ 1ರಿಂದ 4 ಮೊದಲ ಬೆಟಾಲಿಯನ್, 5ರಿಂದ 8 ಎರಡನೆಯದು, 9ರಿಂದ 12 ಮೂರನೆಯದು. 13ನೆಯದು ಸಣ್ಣ ಫಿರಂಗಿಗಳ ಕಂಪನಿ, 14ನೆಯದು ಟ್ಯಾಂಕ್ ಎದುರಿಸುವ ಕಂಪನಿ. ಓರೆಗೆರೆಗೆ ಮುಂಚೆ, 6ರ ಜಾಗದಲ್ಲಿ, ರೋಮನ್ ಅಂಕಿ ಇದ್ದರೆ ಅದು ಕಂಪನಿಯಲ್ಲ, ನೇರವಾಗಿ ಬೆಟಾಲಿಯನ್.

134ನೇ ರೆಜಿಮೆಂಟು 44ನೇ ಕಾಲಾಳು ಡಿವಿಷನ್ನಿಗೆ ಸೇರಿದ್ದು. ಆಸ್ಟ್ರಿಯಾವನ್ನು ಜರ್ಮನಿ ನುಂಗಿದ ಮೇಲೆ, 1938ರಲ್ಲಿ, ವಿಯೆನ್ನಾದಲ್ಲಿ ಕಟ್ಟಿದ ಡಿವಿಷನ್ ಅದು. ಪೋಲೆಂಡ್, ಫ್ರಾನ್ಸ್ ಮುಗಿಸಿ 1941ರಲ್ಲಿ ಉಕ್ರೇನ್‌ಗೆ ಹೋಯಿತು. 1942ರಲ್ಲಿ 6ನೇ ಸೈನ್ಯದ ಜೊತೆ ಸ್ಟಾಲಿನ್‌ಗ್ರಾಡ್ ಕಡೆಗೆ. ಆ ವರ್ಷದ ನವೆಂಬರ್ 23ಕ್ಕೆ ಸೋವಿಯತ್ ಸೇನೆ ಸುತ್ತುವರಿಯಿತು. 1943ರ ಫೆಬ್ರವರಿ 2ಕ್ಕೆ ಎಲ್ಲ ಮುಗಿಯಿತು. ಸೆರೆಸಿಕ್ಕ ಸುಮಾರು 90 ಸಾವಿರ ಜನರಲ್ಲಿ ವಾಪಸ್ ಬಂದವರು ಐದಾರು ಸಾವಿರ.

ಹಾಗಾದರೆ ನಮ್ಮ ಸೈನಿಕನ ಪುಸ್ತಕ ಮನೆಯ ಪೆಟ್ಟಿಗೆಯಲ್ಲಿ ಹೇಗಿದೆ? ಆಸ್ಪತ್ರೆಯ ಪುಟ ನೋಡಬೇಕು. 12ನೇ ಪುಟದಿಂದ ಶುರುವಾಗುವ ಆ ಭಾಗದಲ್ಲಿ ಯಾವ ಆಸ್ಪತ್ರೆಗೆ ಯಾವತ್ತು ಸೇರಿದ, ಯಾವತ್ತು ಬಿಟ್ಟ ಎಂದಿರುತ್ತದೆ. ಕಾಯಿಲೆಯ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ. 1942ರ ಅಕ್ಟೋಬರ್ ಮೊದಲ ವಾರದಲ್ಲಿ ಫೆಲ್ಡ್‌ಲಾಜರೆಟ್, ಅಂದರೆ ರಣರಂಗದ ಹಿಂದಿನ ಆಸ್ಪತ್ರೆ. ನಾಲ್ಕು ದಿನಕ್ಕೆ ಇನ್ನೂ ಹಿಂದಿನ ದೊಡ್ಡ ಆಸ್ಪತ್ರೆ. ತಿಂಗಳ ಕೊನೆಗೆ ವಿಯೆನ್ನಾದ ರಿಸರ್ವ್‌ಲಾಜರೆಟ್, ಅಂದರೆ ತಾಯ್ನಾಡಿನ ಸೇನಾ ಆಸ್ಪತ್ರೆ. ಜನವರಿಯಲ್ಲಿ ಬಿಡುಗಡೆ. ನಾಲ್ಕು ಮುದ್ರೆ, ನಾಲ್ಕು ತಾರೀಖು. ಗಾಯವಾಗಿ ಅವನು ಪಶ್ಚಿಮಕ್ಕೆ ಬಂದಿದ್ದ. ಅವನ ಕಂಪನಿ ಅಲ್ಲೇ ಉಳಿದಿತ್ತು.

ಆಸ್ಪತ್ರೆಯಿಂದ ಬಂದವನು ನೇರ ರಣರಂಗಕ್ಕೆ ಹೋಗುತ್ತಿರಲಿಲ್ಲ. ಊರಿನ ಮೀಸಲು ಬೆಟಾಲಿಯನ್ನಿನಲ್ಲಿ ಚೇತರಿಸಿಕೊಳ್ಳುವವರ ಕಂಪನಿ ಎಂದೇ ಒಂದಿತ್ತು. ಅಲ್ಲಿದ್ದು, ಮೈ ಸರಿಹೋದ ಮೇಲೆ ಮತ್ತೆ ಹೊರಡುವುದು. ನಾಲ್ಕನೇ ಪುಟದ ಕೆಳಭಾಗ ಇದಕ್ಕೇ ಇರುವುದು. ಜರ್ಮನಿಯನ್ನು ಸೇನಾ ಜಿಲ್ಲೆಗಳಾಗಿ ಹಂಚಿದ್ದರು. ವಿಯೆನ್ನಾ 17ನೆಯದು, ಬರ್ಲಿನ್ 3ನೆಯದು, ಮ್ಯೂನಿಕ್ 7ನೆಯದು. ಒಂದು ಡಿವಿಷನ್ನಿಗೆ ಜನ ತುಂಬುವುದು ಆದಷ್ಟೂ ಅದರ ಜಿಲ್ಲೆಯಿಂದಲೇ.

ನಮ್ಮ ಸೈನಿಕನ ನಾಲ್ಕನೇ ಪುಟದಲ್ಲಿ 1943ರಲ್ಲಿ ಹೊಸ ನಮೂದು. ಆದರೆ ರೆಜಿಮೆಂಟಿನ ಹೆಸರು ಈಗ ಬೇರೆಯೇ: ಹೋಖ್ ಉಂಟ್ ಡಾಯ್ಚ್‌ಮೈಸ್ಟರ್. ಬೇರೆ ದಳಕ್ಕೆ ಹೋದನೇ? ಇಲ್ಲ. ಸ್ಟಾಲಿನ್‌ಗ್ರಾಡ್‌ನಲ್ಲಿ ನಾಶವಾದ 44ನೇ ಡಿವಿಷನ್ನನ್ನು 1943ರಲ್ಲಿ ಹೊಸದಾಗಿ ಕಟ್ಟಿ, ಆಸ್ಟ್ರಿಯಾದ ಹಳೆಯ ಪ್ರಸಿದ್ಧ ರೆಜಿಮೆಂಟೊಂದರ ಆ ಹೆಸರು ಕೊಟ್ಟರು. 1944ರ ಆರಂಭದಲ್ಲಿ ಅದು ಇಟಲಿಯ ಕಸ್ಸಿನೋದಲ್ಲಿ ಕಾದಾಡುತ್ತಿತ್ತು.

ಹೆಸರು ಬದಲಾದದ್ದನ್ನು ವರ್ಗಾವಣೆ ಎಂದುಕೊಳ್ಳುವುದು ಬಹಳ ಸಾಮಾನ್ಯ. 1942ರ ಅಕ್ಟೋಬರ್‌ನಲ್ಲಿ ಹಿಟ್ಲರ್ ಆಜ್ಞೆಯಂತೆ ಕಾಲಾಳು ರೆಜಿಮೆಂಟುಗಳಿಗೆಲ್ಲ ಗ್ರೆನಾಡಿಯರ್ ಎಂಬ ಹೆಸರು ಬಂತು. ಜನ ಅವರೇ, ಸಂಖ್ಯೆ ಅದೇ. ಹುಮ್ಮಸ್ಸು ತುಂಬಲು ಮಾಡಿದ ನಾಮಕರಣ ಅಷ್ಟೇ.

ಇನ್ನು ಮುದ್ರೆಗಳು. ರಣರಂಗದ ಘಟಕ ತನ್ನ ಹೆಸರನ್ನು ಮುದ್ರೆಯಲ್ಲಿ ಹಾಕುವುದು ಕಡಿಮೆ. ಹದ್ದಿನ ಚಿತ್ರದ ಸುತ್ತ ಐದಂಕಿಯ ಒಂದು ಸಂಖ್ಯೆ ಇರುತ್ತದೆ. ಅದು ಸೇನಾ ಅಂಚೆಯ ವಿಳಾಸ. ಮನೆಯಿಂದ ಬರೆಯುವ ಕಾಗದಕ್ಕೆ ಊರಿನ ಹೆಸರು ಬರೆಯುವಂತಿರಲಿಲ್ಲ. ಸೈನಿಕನ ಹೆಸರು, ಆ ಸಂಖ್ಯೆ, ಅಷ್ಟು ಸಾಕು. ಸಂಖ್ಯೆಯ ಪಕ್ಕದ ಅಕ್ಷರಕ್ಕೂ ಅರ್ಥವಿದೆ. ಬೆಟಾಲಿಯನ್ನಿನಲ್ಲಿ ಎ ಅಂದರೆ ಮುಖ್ಯ ಕಚೇರಿ. ಬಿ, ಸಿ, ಡಿ, ಇ ಅಂದರೆ ಅದರ ಕಂಪನಿಗಳು. ಈ ಸಂಖ್ಯೆಗಳ ಕೀಲಿಪಟ್ಟಿ ಯುದ್ಧದ ನಂತರ ಉಳಿದುಕೊಂಡಿದೆ. ಆದರೆ ಒಂದು ಎಚ್ಚರಿಕೆ. ಒಂದು ಘಟಕ ನಾಶವಾದ ಮೇಲೆ ಅದರ ಸಂಖ್ಯೆಯನ್ನು ಬೇರೆಯವರಿಗೆ ಕೊಟ್ಟದ್ದುಂಟು. ಹಾಗಾಗಿ ಸಂಖ್ಯೆಯನ್ನು ತಾರೀಖಿನ ಜೊತೆಗೇ ಹುಡುಕಬೇಕು. ಮನೆಯಲ್ಲಿ ಹಳೇ ಕಾಗದಗಳಿದ್ದರೆ ಲಕೋಟೆ ಎಸೆಯಬೇಡಿ ಎಂದು ಹುಡುಕುವವರು ಹೇಳುವುದು ಇದಕ್ಕೇ. ಎಷ್ಟೋ ಸಲ ಒಳಗಿನ ಪತ್ರಕ್ಕಿಂತ ಹೊರಗಿನ ಸಂಖ್ಯೆ ಜಾಸ್ತಿ ಹೇಳುತ್ತದೆ.

ಪದಕಗಳ ಪುಟವೂ ಹಾಗೇ. ಶೌರ್ಯ ಬಿಡಿ, ಅಲ್ಲಿ ಸಿಗುವುದು ಜಾಗ ಮತ್ತು ಕಾಲ. ಪೂರ್ವದ ಚಳಿಗಾಲದ ಪದಕ ಇದೆ ಎಂದರೆ 1941ರ ನವೆಂಬರ್ 15ರಿಂದ 1942ರ ಏಪ್ರಿಲ್ 15ರ ನಡುವೆ ಅವನು ಸೋವಿಯತ್ ರಣರಂಗದಲ್ಲಿದ್ದ. ಸೈನಿಕರೇ ಅದನ್ನು ಹೆಪ್ಪುಗಟ್ಟಿದ ಮಾಂಸದ ಪದಕ ಎಂದು ಗೇಲಿ ಮಾಡುತ್ತಿದ್ದರು. ಕ್ರೈಮಿಯಾ ಗುರಾಣಿ, ಅಂದರೆ ತೋಳಿಗೆ ಧರಿಸುವ ಲೋಹದ ಲಾಂಛನ, ಇದ್ದರೆ ಕ್ರೈಮಿಯಾ. ಗಾಯದ ಪದಕ ಕಪ್ಪಾದರೆ ಒಂದೆರಡು ಸಲ, ಬೆಳ್ಳಿಯದಾದರೆ ಮೂರ್ನಾಲ್ಕು ಸಲ, ಚಿನ್ನದ್ದಾದರೆ ಐದು ಅಥವಾ ಹೆಚ್ಚು ಸಲ ಗಾಯಗೊಂಡವನು. ಇದನ್ನು ಆಸ್ಪತ್ರೆಯ ಪುಟಕ್ಕೆ ತಾಳೆ ನೋಡಬೇಕು.

ತಾಳೆ ನೋಡಲು ಇನ್ನೊಂದು ಕಾರಣ, ನಕಲಿ. ಈ ಪುಸ್ತಕಗಳನ್ನು ಸಂಗ್ರಹಿಸುವವರ ಮಾರುಕಟ್ಟೆ ದೊಡ್ಡದು. ಸಾಮಾನ್ಯ ಗುಮಾಸ್ತನ ಪುಸ್ತಕಕ್ಕಿಂತ ಹೆಸರಾಂತ ದಳದವನ, ಪದಕ ಪಡೆದವನ ಪುಸ್ತಕಕ್ಕೆ ಬೆಲೆ ಜಾಸ್ತಿ. ಹಾಗಾಗಿ ನಿಜವಾದ ಪುಸ್ತಕದಲ್ಲೇ ಸುಳ್ಳು ಸಾಲು ಸೇರಿಸುತ್ತಾರೆ. ಮೂರು ವರ್ಷದ ಅಂತರದ ನಮೂದುಗಳಿಗೆ ಒಂದೇ ಶಾಯಿ, ಒಂದೇ ಕೈಬರಹ ಇದ್ದರೆ ಅನುಮಾನಿಸಿ. ಕ್ರೈಮಿಯಾ ಗುರಾಣಿ ಜಾರಿಗೆ ಬಂದದ್ದು 1942ರ ಜುಲೈ 25ಕ್ಕೆ. ಅದಕ್ಕಿಂತ ಹಿಂದಿನ ತಾರೀಖು ಬರೆದಿದ್ದರೆ ಅನುಮಾನವೇ ಬೇಡ.

ಬಟ್ಟೆಬರೆ, ಲಸಿಕೆ, ಹಲ್ಲು, ಕನ್ನಡಕದ ಪುಟಗಳನ್ನು ಬೇಗ ತಿರುಗಿಸಬಹುದು. ಉಷ್ಣವಲಯದ ಬಟ್ಟೆ ಕೊಟ್ಟ ನಮೂದು ಇದೆಯೇ ಎಂದು ಮಾತ್ರ ನೋಡಿ. ಅದು ಉತ್ತರ ಆಫ್ರಿಕಾದಂಥ ಬಿಸಿ ಪ್ರದೇಶದ ಸುಳಿವು. ಸಂಬಳದ ಪುಟದಲ್ಲಿ ಬೇರೆ ಘಟಕ ಹಣ ಕೊಟ್ಟ ಗುರುತಿದ್ದರೆ ಆ ದಿನಗಳಲ್ಲಿ ಅವನು ತನ್ನವರಿಂದ ದೂರವಿದ್ದ ಎಂದರ್ಥ. ರಜೆಯ ನಮೂದುಗಳನ್ನು ಮನೆಯವರ ನೆನಪಿನ ಜೊತೆ ಹೊಂದಿಸಬಹುದು. ಮಗು ಹುಟ್ಟಿದ ತಿಂಗಳಿಂದ ಒಂಬತ್ತು ತಿಂಗಳು ಹಿಂದೆ ಎಣಿಸಿದವರೂ ಇದ್ದಾರೆ!

ಕೈಬರಹದ್ದು ಬೇರೆ ತೊಂದರೆ. ಆ ಕಾಲದ ಎಷ್ಟೋ ಜನ ಶಾಲೆಯಲ್ಲಿ ಕಲಿತದ್ದು ಸ್ಯೂಟರ್ಲಿನ್ ಎಂಬ ಹಳೇ ಲಿಪಿಶೈಲಿ. ಇವತ್ತಿನ ಜರ್ಮನ್ ಮೊಮ್ಮಕ್ಕಳಿಗೂ ಅದು ಓದಲು ಬರುವುದಿಲ್ಲ.

ಪುಸ್ತಕದಿಂದ ಘಟಕ ಸಿಕ್ಕಿತು. ಮುಂದೆ? ಇಲ್ಲಿ ಒಂದು ದೊಡ್ಡ ಹಳ್ಳವಿದೆ. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳು ಬರ್ಲಿನ್ ಪಕ್ಕದ ಪೋಟ್ಸ್‌ಡಾಮ್ ಮೇಲೆ ಬಾಂಬು ಹಾಕಿದಾಗ ಅಲ್ಲಿದ್ದ ಸೇನಾ ದಾಖಲೆಗಳ ದೊಡ್ಡ ಭಾಗ ಸುಟ್ಟುಹೋಯಿತು. ಸಾಮಾನ್ಯ ಸೈನಿಕನ ಪೂರ್ತಿ ಕಡತ ಸಿಗುವುದು ಅಪರೂಪ. ಉಳಿದ ತುಣುಕುಗಳನ್ನು ಜೋಡಿಸಬೇಕು. ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು, ಬಿಲ್ಲೆಯ ಬರಹ ಕೊಟ್ಟು ಬುಂಡೆಸ್‌ಆರ್ಖೀವ್‌ಗೆ ಅರ್ಜಿ ಹಾಕಿದರೆ ವಾಸ್ಟ್ ಕಾರ್ಡುಗಳಲ್ಲಿರುವ ಘಟಕ, ಗಾಯ, ಸೆರೆಯ ಮಾಹಿತಿ ಬರುತ್ತದೆ. ತಿಂಗಳುಗಟ್ಟಲೆ ಕಾಯಬೇಕು. ಸತ್ತವನಾದರೆ ಜರ್ಮನ್ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆಯ ಅಂತರ್ಜಾಲ ಹುಡುಕಾಟದಲ್ಲಿ ಸಮಾಧಿ ಸಿಗಬಹುದು. ಕಾಣೆಯಾದವನಾದರೆ ಜರ್ಮನ್ ರೆಡ್‌ಕ್ರಾಸ್‌ನ ಮ್ಯೂನಿಕ್ ಶಾಖೆ 1950ರ ದಶಕದಲ್ಲಿ ಕಾಣೆಯಾದವರ ಫೋಟೊ ಸಮೇತ ಪಟ್ಟಿಗಳನ್ನು ಮಾಡಿತ್ತು. ಎಸ್‌ಎಸ್ (ನಾತ್ಸಿಗಳ ಸಶಸ್ತ್ರ ಪಡೆ) ಅಥವಾ ನಾತ್ಸಿ ಪಕ್ಷದ ಸದಸ್ಯನಾಗಿದ್ದರೆ ಆ ಕಡತಗಳು ಬರ್ಲಿನ್‌ನಲ್ಲಿ ಬೇರೆಯೇ ಇವೆ.

ಈ ಕಾಗದಗಳ ಒಂದು ಎಳೆ ಭಾರತಕ್ಕೂ ಬರುತ್ತದೆ. 1941ರಲ್ಲಿ ಜರ್ಮನಿ ತಲುಪಿದ ಸುಭಾಷ್ ಚಂದ್ರ ಬೋಸ್, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಬ್ರಿಟಿಷ್ ಇಂಡಿಯನ್ ಆರ್ಮಿಯ ಸೈನಿಕರಿಂದ ಒಂದು ಪಡೆ ಕಟ್ಟಿಸಿದರು. ಜರ್ಮನ್ ಸೇನೆಯಲ್ಲಿ ಅದು 950ನೇ ಕಾಲಾಳು ರೆಜಿಮೆಂಟು. ಅಂದರೆ ಅವರ ಜೇಬಿನಲ್ಲೂ ಸೋಲ್ಡ್‌ಬುಖ್. 1943ರಲ್ಲಿ ಅವರು ನೆದರ್ಲೆಂಡ್ಸ್‌ನಲ್ಲಿ, ಆಮೇಲೆ ಫ್ರಾನ್ಸ್‌ನ ಅಟ್ಲಾಂಟಿಕ್ ತೀರದಲ್ಲಿ ಇದ್ದರು. 1944ರ ಆಗಸ್ಟ್‌ನಲ್ಲಿ ಪಡೆಯನ್ನು ಎಸ್‌ಎಸ್‌ನ ಯುದ್ಧ ವಿಭಾಗವಾದ ವಾಫೆನ್ ಎಸ್‌ಎಸ್‌ಗೆ ವರ್ಗಾಯಿಸಲಾಯಿತು. ಅಂಥವರ ಜಾಡು ಹಿಡಿಯುವವರು ಬ್ರಿಟಿಷ್ ದಾಖಲೆ, ಜರ್ಮನ್ ದಾಖಲೆ ಎರಡನ್ನೂ ನೋಡಬೇಕಾಗುತ್ತದೆ.

ಕೊನೆಗೆ, ಮೊಮ್ಮಕ್ಕಳು ಕೇಳಲು ಹೆದರುವ ಪ್ರಶ್ನೆ. ಅಜ್ಜ ಏನು ಮಾಡಿದ?

ವೇರ್‌ಪಾಸ್‌ನ ಕದನಗಳ ಪುಟದಲ್ಲಿ 'ಕೀವ್ ಕದನ, 1941 ಸೆಪ್ಟೆಂಬರ್' ಎಂದಿರಬಹುದು. ಅದೇ ತಿಂಗಳ 29 ಮತ್ತು 30ರಂದು ಕೀವ್‌ನ ಬಾಬಿ ಯಾರ್ ಕಮರಿಯಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಈ ಸಂಖ್ಯೆ ಕೊಂದವರೇ ಬರೆದಿಟ್ಟ ವರದಿಯದು. ಕೊಂದದ್ದು ಎಸ್‌ಎಸ್ ಮತ್ತು ಪೊಲೀಸ್ ದಳಗಳು, ಅವರಿಗೆ ನೆರವಾದದ್ದು 6ನೇ ಸೈನ್ಯ. ಅಕ್ಟೋಬರ್ 10ರಂದು ಆ ಸೈನ್ಯದ ಮುಖ್ಯಸ್ಥ ರೈಖೆನೌ ಇಂಥ ಕೊಲೆಗಳನ್ನು ಸಮರ್ಥಿಸುವ ಆಜ್ಞೆಯನ್ನೇ ಹೊರಡಿಸಿದ. ವೇರ್‌ಪಾಸ್‌ನಲ್ಲಿ ಇದ್ಯಾವುದೂ ಇಲ್ಲ. ಅಂಥದ್ದಕ್ಕೆ ಅದರಲ್ಲಿ ಅಂಕಣವೇ ಇಲ್ಲ. ಹಾಗೆಂದು ಆ ಸೈನ್ಯದಲ್ಲಿದ್ದ ಪ್ರತಿಯೊಬ್ಬನೂ ಆ ಕಮರಿಯ ಬಳಿ ಇದ್ದ ಎಂದೂ ಹೇಳಲಾಗದು. ಪುಸ್ತಕ ಕೊಡುವುದು ಘಟಕ ಮತ್ತು ತಾರೀಖು. ಅವೆರಡನ್ನು ಇಟ್ಟುಕೊಂಡು ಬೇರೆ ಬಾಗಿಲು ತಟ್ಟಬೇಕು. ಡಿವಿಷನ್ನುಗಳ ಯುದ್ಧ ದಿನಚರಿ ಉಳಿದಿದ್ದರೆ ಫ್ರೈಬುರ್ಗ್‌ನ ಸೇನಾ ದಾಖಲೆ ವಿಭಾಗದಲ್ಲಿರುತ್ತದೆ. ಅಮೆರಿಕನ್ನರು ವಶಪಡಿಸಿಕೊಂಡು ಮೈಕ್ರೋಫಿಲ್ಮ್ ಮಾಡಿದ ಪ್ರತಿಗಳು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿವೆ. ನಾತ್ಸಿ ಅಪರಾಧಗಳ ತನಿಖೆಗೆಂದು 1958ರಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ ತೆರೆದ ಕಚೇರಿಯ ಕಡತಗಳಲ್ಲಿ ಸಾಕ್ಷಿಗಳ ಹೇಳಿಕೆಗಳಿವೆ. ಅವನ್ನು ಹುಡುಕುವಾಗಲೂ ಕೇಳುವುದು ಇದನ್ನೇ: ಯಾವ ಘಟಕ, ಯಾವ ತಿಂಗಳು?